ಟ್ರಿಯೆಸ್ಟೆಯಲ್ಲಿ ಒಂದು ಶನಿವಾರ, ಒಂದು ಭಾನುವಾರ: ವೆನಿಸ್‌ಗೆ ಓಡಬೇಕಾ, ಇಲ್ಲೇ ಕೂರಬೇಕಾ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಸೆಪ್ಟೆಂಬರ್ ಕೊನೆಯಲ್ಲಿ ಇಟಲಿಯ ಟ್ರಿಯೆಸ್ಟೆ ಊರಿನ ಐಸಿಟಿಪಿ ಎಂಬ ಅಂತರರಾಷ್ಟ್ರೀಯ ಭೌತಶಾಸ್ತ್ರ ಕೇಂದ್ರದಲ್ಲಿ ಎರಡು ವಾರದ ಕಾರ್ಯಾಗಾರ ಇದೆ. ಅಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಅವರು ಸಕಲೇಶಪುರದ ಕಾಫಿ ತೋಟದ ಮನೆಯವರು. ಇದೇ ಮೊದಲ ವಿದೇಶ ಪ್ರಯಾಣ. ಮಂಡಿನೋವು ಇದೆ, ಜಾಸ್ತಿ ಹತ್ತಿ ಇಳಿಯುವುದಕ್ಕೆ ಆಗುವುದಿಲ್ಲ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆ ನಡೆಯುತ್ತದೆ. ನಡುವೆ ಬಿಡುವು ಸಿಗುವುದು ಒಂದೇ ಶನಿವಾರ, ಭಾನುವಾರ. ಲ್ಯಾಬಿನ ಸೀನಿಯರ್‌ಗಳು "ಟ್ರಿಯೆಸ್ಟೆಯಲ್ಲಿ ಏನೂ ಇಲ್ಲ, ಶನಿವಾರ ವೆನಿಸ್, ಭಾನುವಾರ ಪಕ್ಕದ ಸ್ಲೊವೇನಿಯಾದ ಲುಬ್ಲಿಯಾನಾ ಮುಗಿಸಿಬಿಡಿ" ಅನ್ನುತ್ತಾರೆ. ನನಗೋ ಅಮ್ಮನ ಜೊತೆ ಆರಾಮಾಗಿ ಇರಬೇಕು ಅನ್ನಿಸುತ್ತಿದೆ. ಅಲ್ಲೇ ಎರಡು ದಿನ ಕಳೆದರೆ ಬೇಜಾರಾಗುತ್ತಾ? ಏನು ನೋಡಬೇಕು, ಏನು ತಿನ್ನಬೇಕು, ಖರ್ಚು ಎಷ್ಟಾಗಬಹುದು?

ಉತ್ತರ: ಬೇಜಾರಾಗುವುದಿಲ್ಲ. ಅಲ್ಲೇ ಇರಿ.

ನಿಮ್ಮ ಸೀನಿಯರ್‌ಗಳ ಮಾತು ಸುಳ್ಳು ಅಂತ ಹೇಳುತ್ತಿಲ್ಲ. ಫೋಟೋ ತೆಗೆದು "ನೋಡಿದ್ದಾಯ್ತು" ಎಂದು ಟಿಕ್ ಹಾಕುವಂಥ ಜಾಗಗಳು ಟ್ರಿಯೆಸ್ಟೆಯಲ್ಲಿ ಕಡಿಮೆಯೇ. ಆದರೆ ಅವರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿ. ವೆನಿಸ್‌ಗೆ ರೈಲಿನಲ್ಲಿ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಅಲ್ಲಿ ಇಳಿದ ಮೇಲೆ ಕಾಲುವೆಗೊಂದು ಸೇತುವೆ, ಸೇತುವೆಗೆರಡು ಕಡೆ ಮೆಟ್ಟಿಲು. ಇಡೀ ಊರಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ. ಮಂಡಿನೋವಿರುವ ಅಮ್ಮನನ್ನು ಆ ಜನಜಂಗುಳಿಯಲ್ಲಿ ಹತ್ತಿಸಿ ಇಳಿಸಿ, ರಾತ್ರಿ ಒಂಬತ್ತಕ್ಕೆ ವಾಪಸ್ ಬಂದು, ಮರುದಿನ ಬೆಳಿಗ್ಗೆ ಮತ್ತೆ ಲುಬ್ಲಿಯಾನಾ ಬಸ್ಸು ಹತ್ತಿಸಿದರೆ ಸೋಮವಾರ ನಿಮಗೂ ಪಾಠ ತಲೆಗೆ ಹತ್ತುವುದಿಲ್ಲ, ಅವರಿಗೂ ಎದ್ದು ನಿಲ್ಲಲು ಆಗುವುದಿಲ್ಲ. ವೆನಿಸ್ ನೋಡಲೇಬೇಕು ಅಂತಿದ್ದರೆ ಮರಳುವ ವಿಮಾನವನ್ನು ಅಲ್ಲಿಂದ ಬುಕ್ ಮಾಡಿ, ಹಿಂದಿನ ರಾತ್ರಿ ಅಲ್ಲೇ ಉಳಿಯಿರಿ. ಬೆಳಗಿನ ಹೊತ್ತು, ದಿನದ ಪ್ರವಾಸಿಗರು ಬರುವ ಮೊದಲು ಆ ಊರು ಚೆಂದ. ವರ್ಷದ ಕೆಲವು ದಿನ ಬರೀ ಹಗಲು ಬಂದು ಹೋಗುವವರಿಂದ ಪ್ರವೇಶ ಶುಲ್ಕವನ್ನೂ ವಸೂಲು ಮಾಡುತ್ತಾರೆ. 2024ರಿಂದ ಅದು ಶುರುವಾಗಿದೆ.

ಈಗ ಟ್ರಿಯೆಸ್ಟೆಗೆ ಬರೋಣ. ಈ ಊರು ಯಾಕೆ ಹೀಗಿದೆ ಎಂದು ಮೊದಲೇ ಗೊತ್ತಿದ್ದರೆ ಅಲ್ಲಿ ಸುಮ್ನೆ ಕೂರುವುದಕ್ಕೂ ಒಂದು ರುಚಿ ಬರುತ್ತದೆ. 1382ರಿಂದ 1918ರವರೆಗೆ ಇದು ಇಟಲಿಯದ್ದಲ್ಲ, ಆಸ್ಟ್ರಿಯಾದ ಹಾಬ್ಸ್‌ಬರ್ಗ್ ಅರಸರದ್ದು. 1719ರಲ್ಲಿ ಆರನೇ ಚಾರ್ಲ್ಸ್ ಇದನ್ನು ಸುಂಕವಿಲ್ಲದ ಬಂದರು ಎಂದು ಸಾರಿದ. ಗ್ರೀಕರು, ಸರ್ಬಿಯಾದವರು, ಯಹೂದಿಗಳು, ಅರ್ಮೇನಿಯಾದವರು ಎಲ್ಲ ವ್ಯಾಪಾರಕ್ಕೆ ಬಂದು ನೆಲೆಸಿದರು. 1857ರಲ್ಲಿ ವಿಯೆನ್ನಾದಿಂದ ನೇರ ರೈಲು ಬಂತು. ಒಂದು ದೊಡ್ಡ ಸಾಮ್ರಾಜ್ಯದ ಸರಕೆಲ್ಲ ಇಲ್ಲೇ ಇಳಿಯುತ್ತಿತ್ತು, ಇಲ್ಲೇ ಏರುತ್ತಿತ್ತು. ಸೂಯೆಜ್ ಕಾಲುವೆ ತೆರೆದ ಮೇಲೆ ಇಲ್ಲಿನ ಆಸ್ಟ್ರಿಯನ್ ಲಾಯ್ಡ್ ಕಂಪನಿಯ ಹಡಗುಗಳು ಮುಂಬಯಿಗೂ ಬರುತ್ತಿದ್ದವು. ಮೊದಲ ಮಹಾಯುದ್ಧ ಮುಗಿಯಿತು, ಸಾಮ್ರಾಜ್ಯ ಮುಳುಗಿತು, ಊರು ಇಟಲಿಗೆ ಸೇರಿತು. ಇಟಲಿಗೆ ಬಂದರುಗಳಿಗೇನು ಬರ? ಎರಡನೇ ಯುದ್ಧದ ನಂತರ 1954ರವರೆಗೆ ಇದು ಯಾರಿಗೆ ಸೇರಬೇಕು ಎಂಬ ಜಗಳದಲ್ಲಿ ಬ್ರಿಟಿಷ್, ಅಮೆರಿಕನ್ ಸೇನೆಗಳ ಕೈಯಲ್ಲಿತ್ತು. ಹೀಗೆ ಉಳಿದಿದ್ದು ಏನೆಂದರೆ, ರಾಜಧಾನಿಗೆ ಒಪ್ಪುವಂಥ ಕಟ್ಟಡಗಳು, ಅಗಲವಾದ ಚೌಕಗಳು, ಅದರೊಳಗೆ ಬರೀ ಎರಡು ಲಕ್ಷ ಜನ. ಅದಕ್ಕೇ ಇಲ್ಲಿ ಕೂರಲು ಜಾಗ ಸಿಗುತ್ತದೆ. ನಿಮ್ಮ ವಾರಾಂತ್ಯಕ್ಕೆ ಬೇಕಾದದ್ದೂ ಅದೇ ಅಲ್ವಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಹೇಳುವ ಮಿರಾಮಾರೆ ಅರಮನೆಯನ್ನು ವಾರಾಂತ್ಯಕ್ಕೆ ಇಟ್ಟುಕೊಳ್ಳಬೇಡಿ. ನಿಮ್ಮ ಐಸಿಟಿಪಿ ಇರುವುದೇ ಆ ಅರಮನೆಯ ತೋಟದ ಮಗ್ಗುಲಲ್ಲಿ. ಎರಡು ವಾರ ನೀವು ಅದರ ಪಕ್ಕದಲ್ಲೇ ಓಡಾಡುತ್ತೀರಿ. ನೀವು ಪಾಠದಲ್ಲಿರುವಾಗ ಅಮ್ಮ ಯಾವುದಾದರೂ ಮಂಗಳವಾರವೋ ಬುಧವಾರವೋ ನಿಧಾನಕ್ಕೆ ನೋಡಿಕೊಂಡು ಬರಲಿ. ತೋಟಕ್ಕೆ ದುಡ್ಡಿಲ್ಲ, ಅರಮನೆಯೊಳಗೆ ಮಾತ್ರ ಟಿಕೆಟ್. ತಿಂಗಳ ಮೊದಲ ಭಾನುವಾರ ಒಳಗೂ ಉಚಿತ, ಆದರೆ ಅವತ್ತು ಗದ್ದಲ ಜಾಸ್ತಿ. ಗ್ರಿನ್ಯಾನೊ ಬಂದರಿನ ಕಡೆಯಿಂದ ಹೋದರೆ ಏರು, ಮೆಟ್ಟಿಲು. ಊರಿನ ಕಡೆಯಿಂದ ಕಡಲಂಚಿನಲ್ಲೇ ಬರುವ ದಾರಿ ಮಂಡಿಗೆ ವಾಸಿ.

ಅಮ್ಮನಿಗೆ ಆ ಅರಮನೆಯ ಕತೆ ಹೇಳಿ ಕಳಿಸಿ. ಕಟ್ಟಿಸಿದವನು ಆಸ್ಟ್ರಿಯಾ ಚಕ್ರವರ್ತಿಯ ತಮ್ಮ ಮ್ಯಾಕ್ಸಿಮಿಲಿಯನ್. ಕೆಲಸ ಶುರುವಾದದ್ದು 1856ರಲ್ಲಿ. ನೌಕಾಪಡೆಯವನು, ಕಡಲ ಹುಚ್ಚು. ತನ್ನ ಕೋಣೆಯನ್ನು ನೊವಾರಾ ಎಂಬ ಹಡಗಿನ ಕ್ಯಾಬಿನ್ನಿನ ಹಾಗೇ ಮಾಡಿಸಿಕೊಂಡ. ಸೂರು ಗಿಡ್ಡ, ಸುತ್ತ ಮರದ ಹಲಗೆ. ಇದೇ ನೊವಾರಾ 1857ರಲ್ಲಿ ಟ್ರಿಯೆಸ್ಟೆಯಿಂದ ಹೊರಟು ಭೂಮಿ ಸುತ್ತಿ ಬಂದ ಹಡಗು, ದಾರಿಯಲ್ಲಿ ಮದರಾಸಿಗೂ ಬಂದಿತ್ತು. 1864ರಲ್ಲಿ ಮ್ಯಾಕ್ಸಿಮಿಲಿಯನ್ ಮೆಕ್ಸಿಕೋದ ಚಕ್ರವರ್ತಿಯಾಗುತ್ತೇನೆಂದು ಅದೇ ಹಡಗಿನಲ್ಲಿ ಹೊರಟ. ಅಲ್ಲಿನವರಿಗೆ ಚಕ್ರವರ್ತಿ ಬೇಕಿರಲಿಲ್ಲ. 1867ರಲ್ಲಿ ಗುಂಡಿಟ್ಟು ಕೊಂದರು. ಹೆಣ ವಾಪಸ್ ಬಂದದ್ದೂ ನೊವಾರಾದಲ್ಲೇ. ಆ ಮನೆಯಲ್ಲಿ ಮಲಗಿದವರು ಪರದೇಶದಲ್ಲಿ ಸಾಯುತ್ತಾರೆ ಎಂದು ಊರವರು ಇವತ್ತಿಗೂ ಹೇಳುತ್ತಾರೆ.

ಈಗ ಶನಿವಾರ. ಅಲಾರಂ ಇಡಬೇಡಿ. ಒಂಬತ್ತೂವರೆಗೆ ಹೊರಟರೆ ಸಾಕು. ಐಸಿಟಿಪಿ ಇರುವ ಗ್ರಿನ್ಯಾನೊ ಕಡೆಯಿಂದ 6ನೇ ನಂಬರಿನ ಬಸ್ಸು ಬಾರ್ಕೊಲಾ ಎಂಬ ಕಡಲತೀರ ದಾಟಿಕೊಂಡು ಕಡಲ ಬದಿಯಲ್ಲೇ ರೈಲ್ವೆ ಸ್ಟೇಷನ್ನಿಗೆ ಬರುತ್ತದೆ. ಬಲಗಡೆ ಕಿಟಕಿ ಹಿಡಿದು ಕೂರಿಸಿ. ಸ್ಟೇಷನ್ನಿನಿಂದ ಊರಿನ ನಡುವಿಗೆ ಹತ್ತು ಹದಿನೈದು ನಿಮಿಷದ ನಡಿಗೆ, ಎಲ್ಲ ಸಮತಟ್ಟು. ಇಲ್ಲಿ ಗುಡ್ಡದ ಮೇಲಿನ ಊರು ಬೇರೆ, ಕೆಳಗಿನ ಊರು ಬೇರೆ. ಕೆಳಗಿನದು ಹದಿನೆಂಟನೇ ಶತಮಾನದಲ್ಲಿ ಉಪ್ಪಿನ ಗದ್ದೆ ಮುಚ್ಚಿ ಚೌಕಾಚೌಕವಾಗಿ ಕಟ್ಟಿದ್ದು. ಮಂಡಿನೋವಿನವರಿಗೆ ಹೇಳಿ ಮಾಡಿಸಿದ ಬಡಾವಣೆ.

ಮೊದಲ ಕೆಲಸ ಕಾಫಿ. ಯಾವುದೋ ದೊಡ್ಡ ಹೆಸರಿನ ಕಡೆ ಬೇಡ, ದಾರಿಯಲ್ಲಿ ಸಿಗುವ ಯಾವುದಾದರೂ ಬಾರ್‌ನಲ್ಲಿ. ಇಟಲಿಯಲ್ಲಿ ಬಾರ್ ಅಂದರೆ ಕಾಫಿ ಅಂಗಡಿ, ಅಮ್ಮ ಗಾಬರಿಯಾಗದಿರಲಿ. ಆದರೆ ಟ್ರಿಯೆಸ್ಟೆಯಲ್ಲಿ ಕಾಫಿ ಕೇಳುವ ರೀತಿ ಉಳಿದ ಇಟಲಿಯ ಹಾಗಿಲ್ಲ. ಎಸ್ಪ್ರೆಸ್ಸೊ ಬೇಕಾದರೆ "ನೇರೊ" ಅನ್ನಬೇಕು. "ಕಾಪೊ" ಅಂದರೆ ಅದಕ್ಕೆ ಸ್ವಲ್ಪ ಹಾಲು, ಮೇಲೆ ತೆಳ್ಳಗೆ ನೊರೆ. ಬೇರೆ ಊರಿನಲ್ಲಿ ಕ್ಯಾಪುಚಿನೊ ಎಂದು ಕೊಡುವ ದೊಡ್ಡ ಕಪ್ಪು ಬೇಕಾದರೆ ಇಲ್ಲಿ "ಕಾಫೆಲಾತೆ" ಎಂದು ಕೇಳಿ. ನಿಮಗಿಬ್ಬರಿಗೂ ನಾನು ಹೇಳುವುದು "ಕಾಪೊ ಇನ್ ಬಿ". ಅದೇ ಕಾಪೊ, ಆದರೆ ಗಾಜಿನ ಪುಟ್ಟ ಲೋಟದಲ್ಲಿ. ನಮ್ಮ ದರ್ಶಿನಿಯ ಬೈಟು ಕಾಫಿ ಲೋಟದ ಗಾತ್ರ ಅಂದುಕೊಳ್ಳಿ. ಗಾಜಿನ ಹೊರಗಿಂದ ಕೆಳಗಿನ ಕಡು ಕಂದು, ನಡುವಿನ ತಿಳಿ ಕಂದು, ಮೇಲಿನ ನೊರೆ ಮೂರೂ ಕಾಣುತ್ತವೆ. ಸಕ್ಕರೆ ಹಾಕಿ ತಿರುಗಿಸುವ ಮೊದಲು ಒಂದು ಗುಟುಕು ಹಾಗೇ ಕುಡಿದು ನೋಡಲಿ. ಚಿಕೋರಿ ಇಲ್ಲದ ಕಾಫಿ ಮೊದಲಿಗೆ ಸ್ವಲ್ಪ ಹುಳಿ ಅನ್ನಿಸಬಹುದು. "ಇಷ್ಟೇ ಇಷ್ಟಾ?" ಎಂದು ಅಮ್ಮ ಕೇಳುವುದು ಗ್ಯಾರಂಟಿ. ಇನ್ನೊಂದು ಹೇಳಿ, ಅಷ್ಟೇ. ಅಲ್ಲಿನವರೂ ದಿನಕ್ಕೆ ನಾಲ್ಕೈದು ಕಡೆ ನಿಂತು ಹೀಗೇ ಗುಟುಕು ಗುಟುಕಾಗಿ ಕುಡಿಯುತ್ತಾರೆ.

ನಿಮ್ಮ ತಾಯಿಗೆ ಈ ಊರು ಬೇರೆಯವರಿಗಿಂತ ಜಾಸ್ತಿ ಹತ್ತಿರವಾಗಲು ಒಂದು ಕಾರಣವಿದೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ವರ್ಷಗಳಿಂದ ಇಟಲಿಯೇ. ಭಾರತದ ಕಾಫಿಯಲ್ಲಿ ಹೆಚ್ಚೂ ಕಡಿಮೆ ನೂರಕ್ಕೆ 70 ಪಾಲು ಕರ್ನಾಟಕದ್ದು. ನಮ್ಮ ರೋಬಸ್ಟಾ ಅವರಿಗೆ ಬೇಕಾಗುವುದು ಎಸ್ಪ್ರೆಸ್ಸೊ ಮೇಲಿನ ಆ ಕಂದು ನೊರೆ ದಟ್ಟವಾಗಿ ನಿಲ್ಲಲಿ ಎಂದು. ಮಂಗಳೂರಿನ ಮಳೆಗಾಳಿಗೆ ಗೋದಾಮಿನಲ್ಲಿ ಹರಡಿ ಊದಿಸುವ ಮಾನ್ಸೂನ್ಡ್ ಮಲಬಾರ್ ಬೀಜಕ್ಕೂ ಯುರೋಪಿನಲ್ಲಿ ಹಳೆಯ ಗಿರಾಕಿಗಳಿದ್ದಾರೆ. ಟ್ರಿಯೆಸ್ಟೆ ಹದಿನೆಂಟನೇ ಶತಮಾನದಿಂದ ಕಾಫಿ ಇಳಿಸುತ್ತಿರುವ ಬಂದರು. ಇಲ್ಲಿ ಬೀಜ ತರಿಸುವವರು, ದಾಸ್ತಾನು ಮಾಡುವವರು, ಹುರಿಯುವವರು, ರುಚಿ ನೋಡಿ ದರ ಹೇಳುವವರು ಎಲ್ಲ ಇದ್ದಾರೆ. ಜಗತ್ತಿಗೆಲ್ಲ ಗೊತ್ತಿರುವ "ಇಲ್ಲಿ" (illy) ಎಂಬ ಹೆಸರಿನ ಕಾಫಿ ಕಂಪನಿ 1933ರಲ್ಲಿ ಹುಟ್ಟಿದ್ದೂ ಈ ಊರಿನಲ್ಲೇ. ತೋಟದಲ್ಲಿ ಹಣ್ಣು ಕೊಯ್ಯಿಸಿ, ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿ ಕಳಿಸಿದ ಮನೆಯವರು ಆ ಮೂಟೆ ಬಿಚ್ಚುವ ಊರನ್ನು ನೋಡುವ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ.

ಕಾಫಿ ಆದ ಮೇಲೆ ಕನಾಲ್ ಗ್ರಾಂದೆ ಕಡೆ ನಡೆಯಿರಿ. ಹಿಂದೆ ಸರಕಿನ ದೋಣಿಗಳು ನೇರ ಗೋದಾಮಿನ ಬಾಗಿಲಿಗೇ ಬರಲಿ ಎಂದು ಊರೊಳಗೆ ತೋಡಿದ ಕಾಲುವೆ. ಒಂದು ತುದಿಗೆ ಕಡಲು, ಇನ್ನೊಂದು ತುದಿಗೆ ಕಂಬಗಳ ಸಾಲಿನ ಸಂತ ಆಂತೊನಿಯೊ ಚರ್ಚು. ನಡುವಿನ ಸೇತುವೆ ಮೇಲೆ ಜೇಮ್ಸ್ ಜಾಯ್ಸ್‌ನ ಕಂಚಿನ ಪ್ರತಿಮೆ ನಡೆದು ಹೋಗುತ್ತಿರುವ ಹಾಗೆ ನಿಂತಿದೆ. ಐರಿಷ್ ಲೇಖಕ, 1904ರಲ್ಲಿ ಇಲ್ಲಿಗೆ ಬಂದು ಇಂಗ್ಲಿಷ್ ಪಾಠ ಹೇಳಿ, ಸಾಲ ಮಾಡಿ, ಮನೆ ಬದಲಿಸುತ್ತಾ ಹತ್ತು ವರ್ಷ ಕಳೆದ. ಪಕ್ಕದಲ್ಲೇ ನೀಲಿ ಗುಮ್ಮಟಗಳ ಸಾನ್ ಸ್ಪಿರಿದಿಯೋನೆ ಇದೆ, ಸರ್ಬಿಯನ್ನರ ಚರ್ಚು. ಇದೊಂದಕ್ಕೆ ಒಳಗೆ ಹೋಗಿ. ಹೊರಗಿನ ಬಿಸಿಲಿನಿಂದ ಹೋದವರಿಗೆ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಬಂಗಾರದ ಬಣ್ಣ ಗೋಡೆಗಳಿಂದ ಒಂದೊಂದಾಗಿ ಹೊರಬರುತ್ತದೆ. ಅಮ್ಮನಿಗೆ ಮೇಣದ ಬತ್ತಿ ಹಚ್ಚಬೇಕು ಅನ್ನಿಸಿದರೆ ಹಚ್ಚಲಿ, ಯಾರೂ ಏನೂ ಅನ್ನುವುದಿಲ್ಲ.

ಹನ್ನೊಂದೂವರೆ, ಹನ್ನೆರಡರ ಹೊತ್ತಿಗೆ ಕಾಫೆ ಸಾನ್ ಮಾರ್ಕೊಗೆ ಹೋಗಿ ಕೂತುಬಿಡಿ. 1914ರದ್ದು. ಇದಕ್ಕಿಂತ ಹಳೆಯವೂ ಇವೆ, 1830ರ ತೊಮ್ಮಾಸೆಯೊ, ದೊಡ್ಡ ಚೌಕದಲ್ಲಿರುವ 1839ರ ಸ್ಪೆಕ್ಕಿ. ಸ್ಪೆಕ್ಕಿಯಲ್ಲಿ ನೀವು ಕೊಡುವ ದುಡ್ಡು ಕಾಫಿಗಿಂತ ಎದುರಿನ ನೋಟಕ್ಕೆ. ಸಾನ್ ಮಾರ್ಕೊ ಹಾಗಲ್ಲ. ಕಂದು ಗೋಡೆ, ಅಮೃತಶಿಲೆಯ ಮೇಜು, ಒಳಗೇ ಪುಸ್ತಕದಂಗಡಿ. ಒಬ್ಬರು ಪೇಪರ್ ಓದುತ್ತಿರುತ್ತಾರೆ, ಇನ್ನೊಬ್ಬರು ಲ್ಯಾಪ್‌ಟಾಪ್ ತೆರೆದಿರುತ್ತಾರೆ, ಯಾರನ್ನೂ ಯಾರೂ ಎಬ್ಬಿಸುವುದಿಲ್ಲ. ಊಟವನ್ನೂ ಅಲ್ಲೇ ಮುಗಿಸಬಹುದು. ಒಂದೂವರೆ ಗಂಟೆ ಕೂತರೆ ಕಾಲಿಗೂ ವಿಶ್ರಾಂತಿ.

ಮಧ್ಯಾಹ್ನ ರೂಮಿಗೆ ಹೋಗಿ ಮಲಗಿ. ನಿಜವಾಗಿಯೂ ಹೇಳುತ್ತಿದ್ದೇನೆ. ಸಣ್ಣ ಅಂಗಡಿಗಳೆಲ್ಲ ಆಗ ಮುಚ್ಚಿರುತ್ತವೆ, ಹೋಟೆಲುಗಳ ಅಡುಗೆಮನೆಯೂ ಎರಡೂವರೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಏಳಕ್ಕೆ. ಹೊರಗೆ ಸುತ್ತಿ ಮಾಡುವುದೇನಿಲ್ಲ. ಸಾಧ್ಯವಾದರೆ ಶನಿವಾರ ರಾತ್ರಿಗೊಂದು ರೂಮನ್ನು ಊರೊಳಗೇ ಹಿಡಿಯಿರಿ. ಗ್ರಿನ್ಯಾನೊಗೆ ಹೋಗಿ ಬರುವುದರಲ್ಲೇ ಮಧ್ಯಾಹ್ನ ಕಳೆದುಹೋಗುತ್ತದೆ.

ಸಂಜೆ ಐದೂವರೆಗೆ ಪಿಯಾತ್ಸಾ ಉನಿತಾ ದಿತಾಲಿಯಾ. ಇದೇ ದೊಡ್ಡ ಚೌಕ. ಮೂರು ಕಡೆ ಅರಮನೆಗಳಂಥ ಕಟ್ಟಡ, ನಾಲ್ಕನೇ ಕಡೆ ಗೋಡೆಯೇ ಇಲ್ಲ, ಸೀದಾ ಕಡಲು. ಪುರಸಭೆಯ ಗಡಿಯಾರದ ಮೇಲೆ ಮಿಕೇಝೆ, ಯಾಕೇಝೆ ಎಂಬ ಇಬ್ಬರು ಕಂಚಿನ ಬಂಟರು ಗಂಟೆ ಹೊಡೆಯುತ್ತಾರೆ. ಅದರ ಮುಂದಿನ ಕಾರಂಜಿಯಲ್ಲಿ ನಾಲ್ಕು ಖಂಡಗಳ ಮೂರ್ತಿಗಳಿವೆ. 1750ರ ದಶಕದಲ್ಲಿ ಕೆತ್ತಿದ್ದು, ಆಗ ಇವರ ಲೆಕ್ಕದಲ್ಲಿ ಇದ್ದದ್ದೇ ಅಷ್ಟು. 1938ರ ಸೆಪ್ಟೆಂಬರಿನಲ್ಲಿ ಮುಸೊಲಿನಿ ಯಹೂದಿಗಳ ವಿರುದ್ಧದ ಜನಾಂಗ ಕಾನೂನುಗಳನ್ನು ಸಾರಿದ್ದು ಇದೇ ಚೌಕದಲ್ಲಿ ನಿಂತು. ಇಷ್ಟು ಚೆಂದದ ಜಾಗದಲ್ಲಿ ಅದೂ ಆಗಿದೆ.

ಚೌಕದಿಂದ ರಸ್ತೆ ದಾಟಿ ಬಲಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಮೋಲೊ ಔದಾಚೆ. ಇಡೀ ಟ್ರಿಯೆಸ್ಟೆಯಲ್ಲಿ ಒಂದೇ ಒಂದು ಜಾಗ ಆರಿಸು ಎಂದರೆ ನಾನು ಆರಿಸುವುದು ಇದನ್ನೇ. ಇದು ಕಡಲೊಳಗೆ ಚಾಚಿಕೊಂಡಿರುವ ಕಲ್ಲಿನ ಕಟ್ಟೆ, ಇನ್ನೂರು ಮೀಟರಿಗೂ ಸ್ವಲ್ಪ ಉದ್ದ. 1740ರಲ್ಲಿ ಸಾನ್ ಕಾರ್ಲೊ ಎಂಬ ಹಡಗು ಇಲ್ಲಿ ಮುಳುಗಿತು. ಎತ್ತುವ ಬದಲು ಅದನ್ನೇ ಅಡಿಪಾಯ ಮಾಡಿಕೊಂಡು ಕಟ್ಟಿದರು. ಈಗ ಇಲ್ಲಿಗೆ ಹಡಗು ಬರುವುದಿಲ್ಲ, ಜನ ಬರುತ್ತಾರೆ. ಅಂಗಡಿ ಇಲ್ಲ, ಬೆಂಚಿಲ್ಲ, ಕಂಬಿ ಇಲ್ಲ. ಎರಡೂ ಬದಿ ನೇರ ನೀರು, ಹಾಗಾಗಿ ಅಮ್ಮನನ್ನು ನಡುವಿನಲ್ಲೇ ನಡೆಸಿ. ಹಗ್ಗ ಕಟ್ಟಲು ನೆಟ್ಟ ಗಿಡ್ಡ ಕಂಬಗಳು ಅಲ್ಲಲ್ಲಿ ಇವೆ. ಜನ ಅವುಗಳ ಮೇಲೆ ಕೂರುತ್ತಾರೆ, ಕಲ್ಲಿನ ಮೇಲೂ ಕೂರುತ್ತಾರೆ. ಹಗಲಿನ ಬಿಸಿಲಿಗೆ ಕಾದ ಕಲ್ಲು ಸಂಜೆಯವರೆಗೂ ಬೆಚ್ಚಗೇ ಇರುತ್ತದೆ. ಅಜ್ಜಂದಿರು ಕೈ ಹಿಂದೆ ಕಟ್ಟಿಕೊಂಡು ತುದಿಯವರೆಗೆ ಹೋಗಿ, ಅಲ್ಲಿರುವ ಕಂಚಿನ ದಿಕ್ಸೂಚಿ ಫಲಕವನ್ನು ಮುಟ್ಟಿ, ತಿರುಗಿ ಬರುತ್ತಾರೆ. ಇಟಲಿಯ ಪೂರ್ವ ತೀರದ ಊರುಗಳಲ್ಲಿ ಸೂರ್ಯ ಸಾಮಾನ್ಯವಾಗಿ ಬೆಟ್ಟದ ಹಿಂದೆ ಮುಳುಗುತ್ತಾನೆ. ಟ್ರಿಯೆಸ್ಟೆ ಕೊಲ್ಲಿಯ ಈಚೆ ದಡದಲ್ಲಿದೆ, ಪಶ್ಚಿಮಕ್ಕೆ ಮುಖ ಮಾಡಿ ಕೂತಿದೆ. ಅದಕ್ಕೇ ಇಲ್ಲಿ ನೀರಿನ ಕಡೆಗೆ ಮುಳುಗುವುದು ಕಾಣುತ್ತದೆ. ಸೆಪ್ಟೆಂಬರ್ ಕೊನೆಗೆ ಏಳು ಗಂಟೆಯ ಸುಮಾರಿಗೆ. ಗಾಳಿ ಶುಭ್ರವಾಗಿದ್ದರೆ ದೂರದಲ್ಲಿ ಆಲ್ಪ್ಸ್ ಬೆಟ್ಟಗಳ ಸಾಲೂ ಕಾಣುತ್ತದೆ. ಆರಕ್ಕೇ ಹೋಗಿ ಕೂತರೆ ಒಂದು ಗಂಟೆ ಕಳೆದದ್ದು ಗೊತ್ತಾಗುವುದಿಲ್ಲ. ಅಮ್ಮನಿಗೆ ಒಂದು ಶಾಲು ಇರಲಿ.

ಊಟದ ವಿಷಯ. ಟ್ರಿಯೆಸ್ಟೆಯ ಹಳೇ ಅಡುಗೆ ಅರ್ಧ ಆಸ್ಟ್ರಿಯಾದ್ದು. "ಬುಫೆ" ಎಂದು ಬೋರ್ಡಿರುವ ಹಳೇ ಹೋಟೆಲುಗಳು ಹಂದಿ ಮಾಂಸ ಬೇಯಿಸುವುದಕ್ಕೇ ಹೆಸರಾದವು. ನೀವು ಮುಂದೆ ಹೋಗಿ. "ಯೋಟಾ" ಎಂದು ಹುರುಳಿಕಾಯಿ ಬೀಜ, ಹುಳಿ ಬರಿಸಿದ ಎಲೆಕೋಸು ಹಾಕಿದ ಗಟ್ಟಿ ಸೂಪು ಸಿಗುತ್ತದೆ. ಓದಿದರೆ ನಮ್ಮದೇ ಅನ್ನಿಸುತ್ತೆ, ಆದರೆ ಬಹಳ ಕಡೆ ಅದರಲ್ಲಿ ಹಂದಿ ತುಂಡು ಹಾಕಿರುತ್ತಾರೆ. ಕೇಳದೆ ತಿನ್ನಬೇಡಿ. ಬರೀ "ಮಾಂಸ ಬೇಡ" ಎಂದರೆ ಮೀನು ಬರಬಹುದು. ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ. "ವೆಜೆತಾರಿಯಾನಾ" ಎಂದು ಹೇಳಿ, ಅದರ ಜೊತೆ "ಸೆನ್ಸಾ ಕಾರ್ನೆ, ಸೆನ್ಸಾ ಪೆಶ್ಶೆ" ಎಂದೂ ಸೇರಿಸಿ.

ಧೈರ್ಯವಾಗಿ ತಿನ್ನಬಹುದಾದ್ದು ಬೇಕಾದಷ್ಟಿದೆ. ಆಲೂಗಡ್ಡೆ ಹಿಟ್ಟಿನ ಉಂಡೆಯೊಳಗೆ ಇಡೀ ಪ್ಲಮ್ ಹಣ್ಣಿಟ್ಟು ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ, ಸಕ್ಕರೆ, ದಾಲ್ಚಿನ್ನಿ ಉದುರಿಸಿದ ನ್ಯೋಕಿ ಇಲ್ಲಿನ ವಿಶೇಷ. ಪ್ಲಮ್ ಕಾಲವೂ ಸೆಪ್ಟೆಂಬರೇ. ಇದನ್ನು ಊಟದ ಶುರುವಿಗೇ ಕೊಡುತ್ತಾರೆ. ಸಿಹಿ ಮೊದಲು ಬಡಿಸುವುದು ನಮಗೇನು ಹೊಸದಲ್ಲ. ಫ್ರೀಕೊ ಎಂದರೆ ಚೀಸು, ಆಲೂಗಡ್ಡೆ ಸೇರಿಸಿ ಕಾವಲಿಯಲ್ಲಿ ಗರಿಗರಿ ಮಾಡಿದ್ದು, ಪಕ್ಕದ ಫ್ರಿಯುಲಿ ಸೀಮೆಯದು. ಕೆಂಪುಮೆಣಸಿನ ಪುಡಿ ಕಲಸಿದ ಲಿಪ್ತಾವರ್ ಚೀಸನ್ನು ಬ್ರೆಡ್ಡಿಗೆ ಹಚ್ಚಿ ಕೊಡುತ್ತಾರೆ. ಪಿಜ್ಜಾ ಎಲ್ಲ ಕಡೆ ಇದ್ದೇ ಇದೆ. ಕಾಫಿ ಜೊತೆಗೆ ಪ್ರೆಸ್ನಿತ್ಸ್ ತಿನ್ನಿ, ಒಣಹಣ್ಣು, ವಾಲ್‌ನಟ್ ತುಂಬಿ ಸುರುಳಿ ಸುತ್ತಿದ ಸಿಹಿ. ಕೆಲವು ಕಡೆ ರಮ್ ಹಾಕಿರುತ್ತಾರೆ, ಬೇಡವಾದರೆ ಮೊದಲೇ ಕೇಳಿ. ಇನ್ನೊಂದು, ಪಾರ್ಮೆಸಾನ್‌ನಂಥ ಗಟ್ಟಿ ಚೀಸು ಮಾಡುವಾಗ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಕಟ್ಟುನಿಟ್ಟಿನವರು ಅದನ್ನು ಬಿಡುತ್ತಾರೆ, ನೀವೇ ತೀರ್ಮಾನಿಸಿ. ಉಪ್ಪಿನಕಾಯಿ ಪೊಟ್ಟಣ ತಗೊಂಡು ಹೋಗಿ ಅಂತ ನಾನು ಹೇಳಬೇಕಾಗಿಲ್ಲ, ಅಮ್ಮ ಆಗಲೇ ಬ್ಯಾಗಿಗೆ ಹಾಕಿರುತ್ತಾರೆ.

ಭಾನುವಾರಕ್ಕೆ ಎರಡು ದಾರಿ ಹೇಳುತ್ತೇನೆ. ಒಂದನ್ನು ಮಾತ್ರ ಆರಿಸಿ, ಎರಡನ್ನೂ ತುರುಕಬೇಡಿ.

ಒಂದು, ದೋಣಿಯಲ್ಲಿ ಮುಜ್ಜಾಗೆ ಹೋಗುವುದು. ಕೊಲ್ಲಿಯ ಆಚೆ ದಡದ ಪುಟ್ಟ ಊರು, ಸುಮಾರು ಅರ್ಧ ಗಂಟೆ. ಟ್ರಿಯೆಸ್ಟೆ ಆಸ್ಟ್ರಿಯಾದವರ ಕೈಯಲ್ಲಿದ್ದಾಗ ಮುಜ್ಜಾ ನೂರಾರು ವರ್ಷ ವೆನಿಸ್‌ನವರದ್ದಾಗಿತ್ತು. ಅದಕ್ಕೇ ಅಲ್ಲಿ ಎಲ್ಲ ವೆನಿಸ್‌ನ ಅಚ್ಚು. ಬಣ್ಣದ ಮನೆಗಳು, ಇಕ್ಕಟ್ಟು ಗಲ್ಲಿಗಳು, ಮನೆಗಳ ನಡುವೆ ಬಂದು ನಿಲ್ಲುವ ಮೀನು ದೋಣಿಗಳು, ರೆಕ್ಕೆಯಿರುವ ಸಿಂಹದ ಕೆತ್ತನೆ. ವೆನಿಸ್ ತಪ್ಪಿಹೋಯಿತಲ್ಲ ಎಂಬ ಕೊರಗು ಅಮ್ಮನಿಗಿದ್ದರೆ ಇದು ಸ್ವಲ್ಪ ಸಮಾಧಾನ. ಚೌಕ ಎಷ್ಟು ಪುಟ್ಟದೆಂದರೆ ಒಂದು ಮೂಲೆಯಲ್ಲಿ ಕೂತರೆ ಮಿಕ್ಕ ಮೂರು ಮೂಲೆಯವರ ಮಾತು ಕೇಳಿಸುತ್ತದೆ. ಭಾನುವಾರ ಚರ್ಚು ಬಿಟ್ಟ ಮೇಲೆ ಊರೆಲ್ಲ ಅಲ್ಲೇ ಸೇರುತ್ತದೆ. ಮರಳುವ ದೋಣಿಯ ಹೊತ್ತು ಹತ್ತುವಾಗಲೇ ನೋಡಿಕೊಳ್ಳಿ. ಗಾಳಿ ಜೋರಿದ್ದರೆ ದೋಣಿ ಬಿಡುವುದಿಲ್ಲ, ಆಗ 20ನೇ ನಂಬರಿನ ಬಸ್ಸಿದೆ.

ಎರಡು, ಮೇಲಿನ ಕಾರ್ಸೊ ಪ್ರಸ್ಥಭೂಮಿ. ಊರಿನ ಬೆನ್ನಿಗೇ ಎದ್ದಿರುವ ಸುಣ್ಣಕಲ್ಲಿನ ನೆಲ. ಹೋಗಲು ಪಿಯಾತ್ಸಾ ಒಬೆರ್ದಾನ್‌ನಿಂದ ಒಪಿಚೀನಾ ಟ್ರಾಮ್ ಇದೆ, 1902ರದ್ದು. ಕಡಿದಾದ ಕಡೆ ಕೇಬಲ್ ಎಳೆಯುವ ಬಂಡಿಯೊಂದು ಟ್ರಾಮನ್ನು ಹಿಂದಿನಿಂದ ಮೇಲಕ್ಕೆ ದಬ್ಬುತ್ತದೆ. 2016ರ ಅಪಘಾತದ ನಂತರ ವರ್ಷಗಟ್ಟಲೆ ನಿಂತಿತ್ತು, 2025ರಲ್ಲಿ ಮತ್ತೆ ಶುರುವಾಯಿತು. ಓಡುತ್ತಿದೆಯಾ ಎಂದು ಹಿಂದಿನ ದಿನವೇ ವಿಚಾರಿಸಿ, ಇಲ್ಲದಿದ್ದರೆ ಬಸ್ಸು. ಒಬೆಲಿಸ್ಕೊ ನಿಲ್ದಾಣದಲ್ಲಿ ಇಳಿದರೆ ಕೊಲ್ಲಿಯೆಲ್ಲ ಕಾಲ ಕೆಳಗೆ. ಅಲ್ಲಿಂದ ನಪೊಲಿಯೋನಿಕಾ ಎಂಬ ಕಾಲುದಾರಿ ಬೆಟ್ಟದ ಸೊಂಟಕ್ಕೆ ಅಂಟಿಕೊಂಡು ಪ್ರೊಸೆಕ್ಕೊ ಹಳ್ಳಿಯವರೆಗೆ ಹೋಗುತ್ತದೆ. ಹೌದು, ಆ ವೈನಿನ ಹೆಸರಿನ ಹಳ್ಳಿಯೇ. ದಾರಿ ಬಹುಪಾಲು ಸಮತಟ್ಟು. ಅಮ್ಮನಿಗೆ ಆದಷ್ಟು ದೂರ ನಡೆದು ತಿರುಗಿ ಬಂದರೂ ನಷ್ಟವಿಲ್ಲ, ನೋಟ ಎಲ್ಲ ಕಡೆ ಅದೇ.

ಕಾರ್ಸೊದಲ್ಲಿ ನೀವು ಹುಡುಕಬೇಕಾದದ್ದು ಒಸ್ಮಿತ್ಸಾ. ರೈತರ ಮನೆಯಂಗಳವೇ ವರ್ಷದಲ್ಲಿ ಕೆಲವು ದಿನ ಹೋಟೆಲಾಗುತ್ತದೆ. ತಾವು ಬೆಳೆದದ್ದನ್ನು, ಮಾಡಿದ್ದನ್ನು ಮಾತ್ರ ಮಾರಬಹುದು. 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಕೊಟ್ಟ ಅಪ್ಪಣೆಯಿಂದ ಬಂದ ಪದ್ಧತಿ. ರಸ್ತೆ ಬದಿ ಮರದ ಬಾಣಕ್ಕೆ ಹಸಿರು ಸೊಪ್ಪಿನ ಗೊಂಚಲು ಕಟ್ಟಿದ್ದರೆ ಆ ಕಡೆ ಒಂದು ತೆರೆದಿದೆ ಎಂದರ್ಥ. ಇವತ್ತು ಯಾವುದು ತೆರೆದಿದೆ ಎಂದು ನೆಟ್‌ನಲ್ಲೂ ಸಿಗುತ್ತದೆ. ಉದ್ದನೆ ಮರದ ಬೆಂಚು, ಬೇಯಿಸಿದ ಮೊಟ್ಟೆ, ಮನೆಯ ಚೀಸು, ವಿನಿಗರ್‌ನಲ್ಲಿ ನೆನೆಸಿದ ತರಕಾರಿ, ಬ್ರೆಡ್ಡು. ಮಾಂಸದ ತಟ್ಟೆ ಬೇಡ ಎಂದರಾಯಿತು, ಹೊಟ್ಟೆ ತುಂಬುತ್ತದೆ. ಅಲ್ಲಿನವರ ಮನೆಮಾತು ಹೆಚ್ಚಾಗಿ ಸ್ಲೊವೇನಿಯನ್, ಊರಿನ ಬೋರ್ಡುಗಳೂ ಎರಡು ಭಾಷೆಯಲ್ಲಿ. ತೋಟದ ಮನೆಯ ಹೆಂಗಸಿಗೆ ಇನ್ನೊಂದು ತೋಟದ ಮನೆಯ ಅಂಗಳದಲ್ಲಿ ಮಾತು ಬರದಿದ್ದರೂ ಹೊತ್ತು ಹೋಗುತ್ತದೆ. ನನ್ನನ್ನು ಕೇಳಿದರೆ ನಿಮ್ಮಿಬ್ಬರಿಗೂ ಇದೇ ಸರಿ. ಹತ್ತಿರದ ಗ್ರೋತ್ತಾ ಜಿಗಾಂತೆ ಗುಹೆಗೆ ಮಾತ್ರ ಅಮ್ಮನನ್ನು ಕರೆದೊಯ್ಯಬೇಡಿ. ಒಳಗಿನ ಕೋಣೆ ನೂರು ಮೀಟರಿನಷ್ಟು ಎತ್ತರ, ನಿಜ, ಆದರೆ ಮೆಟ್ಟಿಲು ಐನೂರರಷ್ಟಿವೆ.

ಭಾನುವಾರ ಮಧ್ಯಾಹ್ನ ಬಿಸಿಲಿದ್ದರೆ ಕಾಲು ನೀರಿಗಿಡಿ. ಬಾರ್ಕೊಲಾದಲ್ಲಿ ಮರಳಿಲ್ಲ, ಉದ್ದಕ್ಕೂ ಕಾಂಕ್ರೀಟ್ ಕಟ್ಟೆ. ಊರವರು ಫುಟ್‌ಪಾತಿನ ಮೇಲೇ ಟವೆಲ್ ಹಾಸಿ ಮಲಗಿರುತ್ತಾರೆ. ನಮ್ಮ ತಾಯಂದಿರಿಗೆ ಅಲ್ಲಿ ಸ್ವಲ್ಪ ಸಂಕೋಚ ಆಗಬಹುದು. ಅದಕ್ಕೆ ಊರೊಳಗೇ ಇನ್ನೊಂದು ಜಾಗವಿದೆ, ಲಾಂತೆರ್ನಾ ಎಂಬ ಸ್ನಾನಘಟ್ಟ. ಊರವರು ಕರೆಯುವುದು ಪೆದೊಚಿನ್ ಎಂದು. ನಡುವೆ ಬಿಳಿ ಗೋಡೆ, ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು, ಮಕ್ಕಳು. ಗೋಡೆ ನೀರೊಳಗೂ ಸ್ವಲ್ಪ ದೂರ ಹೋಗಿದೆ. ಆಸ್ಟ್ರಿಯಾ ಕಾಲದ ಏರ್ಪಾಡು. ತೆಗೆಯೋಣ ಎಂದರೆ ಹೆಚ್ಚು ವಿರೋಧ ಬರುವುದು ಹೆಂಗಸರಿಂದಲೇ. ಗಂಡಂದಿರ ಕಾಟವಿಲ್ಲದೆ ಇಸ್ಪೀಟಾಡುವ, ಅಡುಗೆ ಮಾತಾಡುವ, ನಿದ್ದೆ ಹೊಡೆಯುವ ಅಜ್ಜಿಯರ ಗುಂಪುಗಳು ಅಲ್ಲಿರುತ್ತವೆ. ನಿಮ್ಮ ತಾಯಿ ಸೀರೆ ಸ್ವಲ್ಪ ಎತ್ತಿಕೊಂಡು ನೀರಿನಲ್ಲಿ ಕಾಲಿಟ್ಟು ಕೂತರೂ ಯಾರೂ ತಿರುಗಿ ನೋಡುವುದಿಲ್ಲ. ಟಿಕೆಟ್ ಒಂದು ಯೂರೋ ಆಸುಪಾಸು. ತಳದಲ್ಲಿ ಉರುಟು ಕಲ್ಲುಗಳಿವೆ, ರಬ್ಬರ್ ಚಪ್ಪಲಿ ಇರಲಿ. ಬೇಸಿಗೆ ಮುಗಿಯುತ್ತಾ ಬಂದ ಹಾಗೆ ಸಮಯ ಬದಲಾಗುತ್ತದೆ, ಹೋಗುವ ಮೊದಲು ನೋಡಿಕೊಳ್ಳಿ.

ಸಾನ್ ಜುಸ್ತೊ ಗುಡ್ಡದ ಚರ್ಚು, ಕೋಟೆ ನೋಡಬೇಕೆಂದರೆ ಮೆಟ್ಟಿಲ ದಾರಿ ಬಿಟ್ಟು 24ನೇ ನಂಬರಿನ ಬಸ್ಸು ಹತ್ತಿ. ಬಿಟ್ಟರೂ ಅಂಥ ನಷ್ಟವಿಲ್ಲ. ರಿಸಿಯೇರಾ ದಿ ಸಾನ್ ಸಬ್ಬಾ ಬೇರೆ ವಿಷಯ. ಅದು ಅಕ್ಕಿ ಗಿರಣಿಯಾಗಿದ್ದ ಕಟ್ಟಡ. ನಾಜಿಗಳು ಅದನ್ನು ಸೆರೆಮನೆ ಮಾಡಿ, ಹೆಣ ಸುಡುವ ಒಲೆ ಕಟ್ಟಿ, ಸಾವಿರಾರು ಜನರನ್ನು ಕೊಂದರು. ಆರಾಮದ ವಾರಾಂತ್ಯಕ್ಕೆ ಸೇರುವ ಜಾಗವಲ್ಲ. ನಿಮಗೆ ಇನ್ನೊಂದು ದಿನ ಬಿಡುವಾದರೆ ಒಬ್ಬರೇ ಹೋಗಿ ಬನ್ನಿ, ಪ್ರವೇಶ ಉಚಿತ.

ಹವೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಇಲ್ಲಿ ಬೋರಾ ಎಂಬ ಗಾಳಿ ಬೀಸುತ್ತದೆ. ಈಶಾನ್ಯದ ಬೆಟ್ಟದಿಂದ ತಣ್ಣನೆ ಗಾಳಿ ಕಡಲಿಗೆ ಧುಮುಕುವುದು, ಕೆಲವೊಮ್ಮೆ ಗಂಟೆಗೆ 150 ಕಿಲೋಮೀಟರ್ ದಾಟುತ್ತದೆ. ಜೋರು ಚಳಿಗಾಲದಲ್ಲೇ, ಆದರೆ ಸೆಪ್ಟೆಂಬರಿನಲ್ಲೂ ಒಂದೆರಡು ದಿನ ಬಂದುಹೋಗಬಹುದು. ಬಂದರೆ ಕೊಡೆ ತೆಗೆಯಬೇಡಿ, ಮುರಿದು ಕೈಗೆ ಬರುತ್ತದೆ. ಅವತ್ತು ಮೋಲೊ ಬೇಡ. ಬದಲಿಗೆ ರೆವೊಲ್ತೆಲ್ಲಾ ಮ್ಯೂಸಿಯಂಗೆ ಹೋಗಿ. ಸೂಯೆಜ್ ಕಾಲುವೆ ಕಂಪನಿಯಲ್ಲಿ ಪಾಲಿದ್ದ ವ್ಯಾಪಾರಿಯೊಬ್ಬನ ಮನೆ, ಸಾಯುವಾಗ ಊರಿಗೆ ಬಿಟ್ಟುಹೋದ. ಮುಂಬಯಿಗೆ ಹಡಗು ಬಿಟ್ಟ ಊರಿನ ಆಗಿನ ಸಿರಿವಂತಿಕೆ ಎಂಥದ್ದು ಎಂದು ಅದರ ಕೋಣೆಗಳಲ್ಲಿ ಕಾಣುತ್ತದೆ.

ಇನ್ನು ಖರ್ಚು. ಕೌಂಟರಿನಲ್ಲಿ ನಿಂತು ಕುಡಿದರೆ ಕಾಫಿ ಒಂದೂವರೆ, ಎರಡು ಯೂರೋ ಒಳಗೆ. ಅದನ್ನೇ ದೊಡ್ಡ ಚೌಕದಲ್ಲಿ ಕೂತು ಕುಡಿದರೆ ಎರಡು ಮೂರು ಪಟ್ಟು. ಪಿಜ್ಜಾ ಎಂಟರಿಂದ ಹನ್ನೆರಡು. ಕೂತು ಉಂಡರೆ ಬಿಲ್ಲಿನಲ್ಲಿ "ಕೊಪೆರ್ತೊ" ಎಂದು ತಲೆಗೆ ಒಂದೆರಡು ಯೂರೋ ಸೇರಿರುತ್ತದೆ, ಮೋಸವಲ್ಲ, ಅಲ್ಲಿನ ರೂಢಿ. ಟಿಪ್ಸ್ ಕೊಡಲೇಬೇಕೆಂದಿಲ್ಲ. ಮಿರಾಮಾರೆ ಅರಮನೆಯ ಟಿಕೆಟ್ ದರ ಹೋಗುವ ಮೊದಲು ನೋಡಿಕೊಳ್ಳಿ. ರೂಮು ಬಿಟ್ಟು ಇಬ್ಬರಿಗೂ ದಿನಕ್ಕೆ ಎಪ್ಪತ್ತು ಯೂರೋ ಇಟ್ಟುಕೊಂಡರೆ ಕೈ ಹಿಡಿದು ಖರ್ಚು ಮಾಡಬೇಕಾಗಿಲ್ಲ. ಬಸ್ ಟಿಕೆಟನ್ನು "ಟಿ" ಅಕ್ಷರದ ಬೋರ್ಡಿರುವ ತಬಾಕ್ಕಿ ಅಂಗಡಿಯಲ್ಲಿ ಶನಿವಾರವೇ ಕೊಂಡಿಡಿ, ಭಾನುವಾರ ಬಹುಪಾಲು ಮುಚ್ಚಿರುತ್ತವೆ. ಬಸ್ಸಿನೊಳಗೆ ಹತ್ತಿದ ತಕ್ಷಣ ಮೆಷಿನ್ನಿಗೆ ತೂರಿಸಿ ಮುದ್ರೆ ಹಾಕಿಸಿ. ಮುದ್ರೆಯಿಲ್ಲದ ಟಿಕೆಟ್ ಕೈಯಲ್ಲಿದ್ದರೂ ದಂಡ ಕಟ್ಟಬೇಕಾಗುತ್ತದೆ.

ಕಾರ್ಯಾಗಾರದ ತಾರೀಖು ಅಕ್ಟೋಬರಿಗೆ ಏನಾದರೂ ಮುಂದೆ ಹೋದರೆ ಎರಡನೇ ಭಾನುವಾರವನ್ನು ನೋಡಿಕೊಳ್ಳಿ. ಅವತ್ತು ಬಾರ್ಕೊಲಾನಾ ಎಂಬ ಹಾಯಿದೋಣಿ ಪಂದ್ಯ. 2018ರಲ್ಲಿ 2,689 ದೋಣಿಗಳು ಸೇರಿ ಗಿನ್ನೆಸ್ ದಾಖಲೆಯಾಗಿತ್ತು. ಕೊಲ್ಲಿ ತುಂಬಾ ಬಿಳಿ ಹಾಯಿ ನೋಡಲು ಚೆಂದವೇ, ಆದರೆ ಊರಿನಲ್ಲಿ ರೂಮು ಸಿಗುವುದಿಲ್ಲ. ಆ ವಾರವಾದರೆ ಇವತ್ತೇ ಬುಕ್ ಮಾಡಿ.